ಬುಕ್ಕಸಾಗರದ ಮಕ್ಕಳು, ದೂರದ ಕಾಲೇಜುಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಿಂದ ಪಿಯುಸಿ ತರಗತಿ ಶುರುವಾಗುವವರೆಗೆ ಬುಕ್ಕಸಾಗರದ ನಮ್ಮ ಮನೆಯ ಕಟ್ಟೆ ಖಾಲಿ ಇರುವುದಿಲ್ಲ. ವೆಂಕಟಾಪುರದಿಂದ, ಕಮಲಾಪುರದಿಂದ, ಕಂಪ್ಲಿ ಕಡೆಯ ಹಳ್ಳಿಗಳಿಂದ, ಸೇತುವೆ ದಾಟಿ ಹೊಳೆಯಾಚೆಯ ಕಡೆಬಾಗಿಲಿನಿಂದ ಅಪ್ಪ ಅಮ್ಮಂದಿರು ಬರುತ್ತಾರೆ. ಕೈಯಲ್ಲಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಇರುತ್ತದೆ, ಹಿಂದೆ ತಲೆ ತಗ್ಗಿಸಿ ನಿಂತ ಮಗನೋ ಮಗಳೋ ಇರುತ್ತಾರೆ. “ಹುಡುಗ ಆಟ ಚಲೋ ಆಡ್ತಾನಂತ್ರಿ. ಮಾಸ್ತರು ನಿಮ್ಮನ್ನ ಕೇಳು ಅಂದ್ರು. ಎಲ್ಲ್ಯಾದ್ರು ಫ್ರೀ ಸೀಟು ಸಿಗ್ತೈತೇನ್ರಿ?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನನ್ನ ಆಟದ ನಂತರದ ಬದುಕು ಕಳೆದಿದೆ.

ನಾನು ಖೋ ಖೋ ಆಡಿ ಬೆಳೆದವನು. ನಮ್ಮೂರಿಗೆ ಒಂದು ಬದಿಯಲ್ಲಿ ತುಂಗಭದ್ರೆ, ಇನ್ನೊಂದು ಬದಿಯಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳ ನೀರುಂಡು ಬೆಳೆಯುವ ಬಾಳೆ, ಕಬ್ಬು, ಭತ್ತ. ನೀರಾವರಿ ಊರೆಂದ ಮಾತ್ರಕ್ಕೆ ಎಲ್ಲರಿಗೂ ಜಮೀನಿಲ್ಲ. ಬಾಳೆಗೊನೆ ಹೊತ್ತು ಲಾರಿಗೆ ತುಂಬುವವರು, ಕಬ್ಬು ಕಡಿಯುವವರು, ಹಂಪಿಗೆ ಬರುವ ಪ್ರವಾಸಿಗರನ್ನು ನಂಬಿ ಆಟೋ ಓಡಿಸುವವರೇ ಹೆಚ್ಚು. ಅಂಥ ಮನೆಗಳ ಮಕ್ಕಳಿಗೆ ಖೋ ಖೋ ಒಗ್ಗಿದ್ದಕ್ಕೆ ಕಾರಣ ಸರಳ. ಎರಡು ಕಂಬ ನೆಟ್ಟು, ಸುಣ್ಣದಲ್ಲಿ ಗೆರೆ ಎಳೆದರೆ ಅಂಕಣ ಸಿದ್ಧ. ಚೆಂಡು ಬೇಡ, ಬ್ಯಾಟು ಬೇಡ, ನಮ್ಮ ಕಾಲದಲ್ಲಿ ಬೂಟು ಕೂಡ ಬೇಕಿರಲಿಲ್ಲ. ಜಾಲಿಮರದ ಬೊಡ್ಡೆಯನ್ನು ಕೆತ್ತಿ ನುಣುಪು ಮಾಡಿ ಶಾಲೆಯ ಬಯಲಿನಲ್ಲಿ ನಿಲ್ಲಿಸಿದ್ದೆವು. ಆ ಕಂಬ ಹಿಡಿದು ತಿರುಗಿ ತಿರುಗಿ ಅಂಗೈ ಗಟ್ಟಿಯಾಗಿದ್ದವು.

ಎಂಬತ್ತರ ದಶಕದಲ್ಲಿ ನಮ್ಮನ್ನು ಆಡಿಸಿದವರು ಶಾಲೆಯ ಪಿಟಿ ಮಾಸ್ತರು. ನನ್ನ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಅವರೇ ನನ್ನನ್ನು ಬಸ್ಸು ಹತ್ತಿಸಿಕೊಂಡು ಹೊಸಪೇಟೆಗೆ ಹೋದರು. ಕಾಲೇಜಿನ ಪ್ರಾಂಶುಪಾಲರ ಕೋಣೆಯಲ್ಲಿ ಕುರ್ಚಿ ಎಳೆದು ಕೂತು, “ಈ ಹುಡುಗ ಜಿಲ್ಲೆಗೆ ಆಡ್ಯಾನ್ರಿ. ಮನ್ಯಾಗ ಫೀಸು ಕಟ್ಟೋ ತ್ರಾಣಿಲ್ಲ. ನೀವು ಓದಸ್ರಿ, ಆಟದ ಜವಾಬ್ದಾರಿ ನಂದು” ಎಂದರು. ಪ್ರಾಂಶುಪಾಲರು ದೈಹಿಕ ಶಿಕ್ಷಣ ನಿರ್ದೇಶಕರನ್ನು ಕರೆಸಿದರು. ಅವರು ನನ್ನನ್ನು ಬಯಲಿಗೆ ಕರೆದೊಯ್ದು ಓಡಿಸಿ ನೋಡಿದರು. ಆ ಮಧ್ಯಾಹ್ನವೇ ನನ್ನ ಹೆಸರು ದಾಖಲಾತಿ ಪುಸ್ತಕ ಸೇರಿತು. ಮುಂದೆ ಪದವಿಗೆ ಬಂದಾಗ ಬಳ್ಳಾರಿ ಜಿಲ್ಲೆಯ ಕಾಲೇಜುಗಳೆಲ್ಲ 1980ರಲ್ಲಿ ಆರಂಭವಾದ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ವಿಶ್ವವಿದ್ಯಾಲಯದ ಜೆರ್ಸಿ ತೊಟ್ಟು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋದೆ. ತಮಿಳುನಾಡು, ಕೇರಳ, ಆಂಧ್ರದ ಹುಡುಗರ ಎದುರು ಆಡಿದೆ. ಆ ಪ್ರಮಾಣಪತ್ರ ಮುಂದೆ ನನಗೆ ಗುಮಾಸ್ತನ ನೌಕರಿ ಹಿಡಿಯಲು ನೆರವಾಯಿತು.

ನಮ್ಮ ಶಾಲಾ ತಂಡದಲ್ಲಿ ನನಗಿಂತ ಚೆನ್ನಾಗಿ ಆಡುವ ಗೆಳೆಯನೊಬ್ಬ ಇದ್ದ. ಅವನು ಅಂಕಣಕ್ಕಿಳಿದರೆ ಎದುರಾಳಿ ತಂಡದವರು ಗಡಿಯಾರ ನೋಡುತ್ತಿದ್ದರು. ಕೂತವರ ನಡುವೆ ಹಾವಿನ ಹಾಗೆ ನುಸುಳಿ ನಿಮಿಷಗಟ್ಟಲೆ ಸಿಗದೆ ಓಡುತ್ತಿದ್ದ. ಮಾಸ್ತರು ನನ್ನನ್ನು ಹೊಸಪೇಟೆಗೆ ಕರೆದೊಯ್ದ ಆ ವಾರ ಅವನು ಊರಲ್ಲಿರಲಿಲ್ಲ. ಅಪ್ಪನ ಜೊತೆ ಸಂಡೂರು ಕಡೆ ಗಣಿ ಕೆಲಸಕ್ಕೆ ಹೋಗಿದ್ದ. ವಾಪಸು ಬರುವ ಹೊತ್ತಿಗೆ ಪ್ರವೇಶ ಮುಗಿದಿತ್ತು, ದುಡಿಮೆಯ ರುಚಿಯೂ ಹತ್ತಿತ್ತು. ಅವನು ಮತ್ತೆ ಶಾಲೆ, ಕಾಲೇಜಿನ ಕಡೆ ತಿರುಗಲಿಲ್ಲ. ನಾವಿಬ್ಬರೂ ಒಂದೇ ಬಯಲಿನಲ್ಲಿ ಆಡಿದವರು, ಮನೆಯ ಬಡತನವೂ ಒಂದೇ. ನನ್ನ ಜೊತೆ ಬಸ್ಸು ಹತ್ತಲು ಒಬ್ಬರಿದ್ದರು, ಅವನ ಜೊತೆ ಯಾರೂ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಕಂಡದ್ದೂ ಇದನ್ನೇ. ನಮ್ಮ ಹಳ್ಳಿಗಳಲ್ಲಿ ಆಟಕ್ಕೆ ಬರವಿಲ್ಲ, ದಾರಿ ಬಲ್ಲ ಒಬ್ಬ ಹಿರಿಯನಿಗೆ ಬರವಿದೆ.

ನೌಕರಿ ಸಿಕ್ಕ ಮೇಲೂ ನಾನು ಊರು ಬಿಡಲಿಲ್ಲ. ಸಂಜೆ ಬಯಲಿಗೆ ಹೋಗಿ ಮಕ್ಕಳನ್ನು ಓಡಿಸುವುದು ರೂಢಿಯಾಯಿತು. ಆಗ ವೆಂಕಟಾಪುರದ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದಳು. ತಾಯಿ ತಂದೆ ಇಬ್ಬರೂ ಕಬ್ಬು ಕಡಿಯುವವರು. ಅವಳು ಬೆನ್ನಟ್ಟಲು ಕೂತಿದ್ದಾಗ ಏಳುತ್ತಿದ್ದ ರೀತಿಯೇ ಬೇರೆ. ಬೆನ್ನಿಗೆ ಕೈ ತಾಗಿ ‘ಖೋ’ ಎಂಬ ಸದ್ದು ಕಿವಿಗೆ ಬೀಳುವಷ್ಟರಲ್ಲಿ ಎರಡು ಹೆಜ್ಜೆ ಮುಂದಿರುತ್ತಿದ್ದಳು. ಬಹಳ ಜನ ಹಳ್ಳಿಯಲ್ಲಿ ವೇಗವಾಗಿ ಓಡುವ ಮಗುವನ್ನು ಹುಡುಕುತ್ತಾರೆ. ಖೋ ಖೋದಲ್ಲಿ ನೇರ ಓಟಕ್ಕಿಂತ ಕೂತಲ್ಲಿಂದ ಏಳುವ ಚುರುಕು, ಓಡುತ್ತಲೇ ದಿಕ್ಕು ಬದಲಿಸುವ ಚಾಕಚಕ್ಯತೆ, ದಣಿದಾಗಲೂ ಕೆಡದ ಲೆಕ್ಕಾಚಾರ ಮುಖ್ಯ. ಆ ಮೂರೂ ಅವಳಲ್ಲಿದ್ದವು.

ಶಾಲಾ ಕ್ರೀಡಾಕೂಟದ ಏಣಿಯನ್ನು ಅವಳ ಜೊತೆ ನಾನೂ ಹತ್ತಿದೆ. ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ಆಮೇಲೆ ರಾಜ್ಯ. ಒಂದೊಂದು ಮೆಟ್ಟಿಲಿಗೂ ಒಂದೊಂದು ಪ್ರಮಾಣಪತ್ರ. ರಾಜ್ಯಮಟ್ಟದ ಪಂದ್ಯದಲ್ಲಿ ಕರಾವಳಿಯ ಕಾಲೇಜೊಂದರ ತರಬೇತುದಾರರು ಅವಳನ್ನು ನೋಡಿ, ಪಿಯುಸಿಗೆ ಕಳಿಸುತ್ತೀರಾ ಎಂದು ನನ್ನನ್ನು ವಿಚಾರಿಸಿದರು. ಊಟ, ವಸತಿ, ಓದು ಎಲ್ಲ ಉಚಿತ ಎಂದರು. ಸಂತೋಷದಿಂದ ಬಂದು ಅವಳ ತಂದೆಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹುಡುಗೀನ ಅಷ್ಟು ದೂರ ಹೆಂಗ ಕಳಿಸೋದಣ್ಣ? ನಾಳೆ ಏನಾದ್ರು ಆದ್ರ ಮಂದಿಗೆ ಏನಂತ ಹೇಳ್ಲಿ?” ಎಂದರು. ಸೋದರಮಾವನಿಗೆ ಕೊಡುವ ಮಾತೂ ಮನೆಯಲ್ಲಿ ನಡೆದಿತ್ತು. ತಾಯಿ ಒಳಗಿನಿಂದಲೇ, “ಕಳಸ್ರಿ ಅತ್ಲಾಗ. ನನ್ನಂಗ ಕುಡುಗೋಲು ಹಿಡೀಬಾರ್ದು ಅದು” ಎಂದರು. ಆ ತಾಯಿಯ ಮಾತು ಆ ಮನೆಯ ತೀರ್ಮಾನವಾಯಿತು.

ತಂದೆ ಮಗಳ ಜೊತೆ ನಾನೂ ರಾತ್ರಿ ಬಸ್ಸಿನಲ್ಲಿ ಕರಾವಳಿಗೆ ಹೋದೆ. ಹಾಸ್ಟೆಲ್ ನೋಡಿದೆವು. ವಾರ್ಡನ್ ಯಾರು, ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಕಾಯಿಲೆಯಾದರೆ ಯಾವ ಆಸ್ಪತ್ರೆ, ಎಲ್ಲ ಕೇಳಿದೆವು. ತಂದೆ ಅಡುಗೆಮನೆಗೂ ಹೋಗಿ ನೋಡಿ ಬಂದರು. ಜೋಳದ ರೊಟ್ಟಿ ಉಂಡು ಬೆಳೆದ ಹುಡುಗಿಗೆ ಅಲ್ಲಿನ ಕುಚ್ಚಲಕ್ಕಿ ಗಂಜಿ ಒಗ್ಗಲು ಒಂದು ಮಳೆಗಾಲವೇ ಬೇಕಾಯಿತು. ಬಟ್ಟೆ ಒಣಗದ ಆ ಮಳೆಯಲ್ಲಿ ಮೊದಮೊದಲು ಫೋನು ಮಾಡಿ ಅಳುತ್ತಿದ್ದಳು. ನಮ್ಮ ಸೀಮೆಯಿಂದ ಹೋದ ಮಕ್ಕಳಲ್ಲಿ ಕೆಲವರು ಇದೇ ಮೊದಲ ಮಳೆಗಾಲದಲ್ಲಿ ವಾಪಸು ಬಂದಿದ್ದಾರೆ. ಅವರಿಗೆ ಆಟ ಕಡಿಮೆ ಇರಲಿಲ್ಲ. ಮನೆಯ ನೆನಪು ಹೆಚ್ಚಿತ್ತು. ಅದಕ್ಕೇ ಈಗ ನಾನು ಒಂದೇ ಕಾಲೇಜಿಗೆ ಆದಷ್ಟು ಇಬ್ಬರನ್ನು ಜೊತೆ ಮಾಡಿ ಕಳಿಸುತ್ತೇನೆ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಫೋನು ಮಾಡುತ್ತೇನೆ. ಆ ಹುಡುಗಿ ಗಟ್ಟಿಯಾಗಿ ನಿಂತು ಪದವಿ ಮುಗಿಸಿದಳು, ಬಿ.ಪಿ.ಎಡ್ ಮಾಡಿದಳು, ಇವತ್ತು ತಾನೇ ಮಕ್ಕಳನ್ನು ಆಡಿಸುತ್ತಿದ್ದಾಳೆ.

ಕರ್ನಾಟಕದಲ್ಲಿ ಆಟಗಾರ ಮಕ್ಕಳಿಗೆ ಇರುವ ದಾರಿಗಳು ಕಡಿಮೆಯೇನಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲುಗಳಿವೆ. ಧಾರವಾಡದಲ್ಲೂ ಬೆಂಗಳೂರಿನಲ್ಲೂ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಿವೆ. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ವಸತಿ ಸಹಿತ ಕ್ರೀಡಾಶಾಲೆಯಿದೆ. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವ ಪದ್ಧತಿಯನ್ನು ಕಟ್ಟಿ ಬೆಳೆಸಿದ್ದಾರೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆದದ್ದು ಅದೇ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ. ನಮ್ಮ ಮಗ್ಗುಲಲ್ಲೇ, ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, 2018ರಲ್ಲಿ ಜೆಎಸ್‌ಡಬ್ಲ್ಯುನವರು ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆದರು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗೆ ಅಲ್ಲಿ ದೇಶದ ದೊಡ್ಡ ವ್ಯವಸ್ಥೆಯಿದೆ. ನೀರಜ್ ಚೋಪ್ರಾ ಕೂಡ ಅಲ್ಲಿ ಅಭ್ಯಾಸ ಮಾಡಿದ್ದಾರೆ. ಅಲ್ಲಿಗೆ ನಮ್ಮೂರಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಆದರೂ ಅಲ್ಲಿ ಆಯ್ಕೆ ಟ್ರಯಲ್ಸ್ ನಡೆಯುತ್ತದೆ ಎಂಬ ಸುದ್ದಿ ನಮ್ಮ ಎಷ್ಟೋ ಹಳ್ಳಿಗಳಿಗೆ ಇನ್ನೂ ಮುಟ್ಟಿಲ್ಲ.

ಬಾಗಿಲುಗಳಿದ್ದರೂ ಮಕ್ಕಳು ಹೊಸ್ತಿಲಲ್ಲೇ ಎಡವುತ್ತಾರೆ. ಎಡವುವುದು ಆಟದಲ್ಲಿ ಅಲ್ಲ, ಕಾಗದದಲ್ಲಿ. ಆಧಾರಿನಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು. ಜನ್ಮದಿನಾಂಕ ಎರಡರಲ್ಲೂ ಬೇರೆ. ತಂದೆಯ ಹೆಸರಿನ ಮುಂದಿನ ಇನಿಷಿಯಲ್ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸಿಯೇ ಇಲ್ಲ. ಮಗು ಟ್ರಯಲ್ಸ್‌ನಲ್ಲಿ ಎಲ್ಲರಿಗಿಂತ ಮುಂದೆ ಬಂದು, ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತು ಅಳುವುದನ್ನು ನಾನು ನೋಡಿದ್ದೇನೆ. ಅಂದಿನಿಂದ ಎಂಟನೇ ತರಗತಿಗೆ ಬಂದ ಪ್ರತಿ ಆಟಗಾರ ಮಗುವಿಗೆ ಒಂದು ಪ್ಲಾಸ್ಟಿಕ್ ಫೈಲು ಕೊಡುತ್ತೇನೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪತ್ರ, ಆಡಿದ ಪ್ರತಿ ಕೂಟದ ಪ್ರಮಾಣಪತ್ರ ಅದರಲ್ಲಿರಬೇಕು. ನಾಡಕಚೇರಿಗೆ, ಬಿಇಒ ಕಚೇರಿಗೆ ತಿದ್ದುಪಡಿಗಾಗಿ ಅಲೆಯುವ ಕೆಲಸ ಎಂಟನೇ ತರಗತಿಯಲ್ಲೇ ಮುಗಿಯಬೇಕು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಶುರು ಮಾಡಿದರೆ ತಡವಾಯಿತು.

ಪ್ರಮಾಣಪತ್ರಗಳ ವಿಷಯದಲ್ಲಿ ತಂದೆ ತಾಯಂದಿರು ಮೋಸ ಹೋಗುವುದು ಹೆಚ್ಚು. ಕಂಪ್ಲಿ ಕಡೆಯ ಕೆಲವು ಹುಡುಗರನ್ನು ಒಬ್ಬಾತ ‘ನ್ಯಾಷನಲ್ಸ್’ ಎಂದು ಹೇಳಿ ಬೇರೆ ರಾಜ್ಯಕ್ಕೆ ಕರೆದುಕೊಂಡು ಹೋದ. ತಲಾ ಸಾವಿರಾರು ರೂಪಾಯಿ ವಸೂಲಿ ಮಾಡಿದ. ಹುಡುಗರು ಬಣ್ಣದ ಪ್ರಮಾಣಪತ್ರ, ಕೊರಳಲ್ಲಿ ಪದಕ ಹಾಕಿಕೊಂಡು ಬಂದರು. ಊರಲ್ಲಿ ಮೆರವಣಿಗೆಯೂ ಆಯಿತು. ಕಾಲೇಜು ಪ್ರವೇಶದ ಹೊತ್ತಿಗೆ ಆ ಸಂಸ್ಥೆಗೆ ಯಾವ ಮಾನ್ಯತೆಯೂ ಇಲ್ಲ ಎಂದು ಗೊತ್ತಾಯಿತು. ಒಬ್ಬ ತಂದೆ ಅದಕ್ಕಾಗಿ ಎಮ್ಮೆ ಮಾರಿದ್ದರು. ಕೇಂದ್ರ ಸರ್ಕಾರದ ಕ್ರೀಡಾ ಮೀಸಲು ನೌಕರಿಗೆ ಪ್ರಮಾಣಪತ್ರದ ನಮೂನೆಗಳೇ ಬೇರೆ ಬೇರೆ ಇವೆ. ಫಾರ್ಮ್ 1 ಅಂತರರಾಷ್ಟ್ರೀಯ ಕೂಟಕ್ಕೆ, ಫಾರ್ಮ್ 2 ರಾಷ್ಟ್ರಮಟ್ಟಕ್ಕೆ, ಫಾರ್ಮ್ 3 ಅಂತರ ವಿಶ್ವವಿದ್ಯಾಲಯಕ್ಕೆ, ಫಾರ್ಮ್ 4 ಶಾಲಾ ರಾಷ್ಟ್ರೀಯ ಕೂಟಕ್ಕೆ. ಯಾರು ಸಹಿ ಮಾಡಬೇಕೆಂಬುದನ್ನೂ ಅದರಲ್ಲೇ ಹೇಳಿದೆ. ಯಾವುದೇ ಕೂಟಕ್ಕೆ ಹಣ ಕೊಡುವ ಮುನ್ನ, ಅದನ್ನು ನಡೆಸುವವರಿಗೆ ಶಾಲಾ ಶಿಕ್ಷಣ ಇಲಾಖೆಯ, ಕ್ರೀಡಾ ಸಚಿವಾಲಯದ ಅಥವಾ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಮಾನ್ಯತೆ ಇದೆಯೇ ಎಂದು ಕೇಳಿ ಎನ್ನುತ್ತೇನೆ. ಇಲ್ಲದಿದ್ದರೆ ಆ ಹಣದಲ್ಲಿ ಮಗುವಿಗೆ ಒಳ್ಳೆಯ ಬೂಟು, ಮೊಟ್ಟೆ, ಹಾಲು ಕೊಡಿಸಿ.

ವಯಸ್ಸು ತಿದ್ದಿಸುವ ಆಸೆ ಇನ್ನೊಂದು ರೋಗ. “ಒಂದೆರಡು ವರ್ಷ ಕಡಿಮಿ ತೋರಿಸಿದ್ರ ಸಣ್ಣವರ ಜೊತಿ ಆಡಿ ಗೆಲ್ತಾನಲ್ರಿ” ಎಂದು ತಂದೆಯೊಬ್ಬರು ನನ್ನ ಮುಂದೆಯೇ ಹೇಳಿದರು. ಅವರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. ಈಗ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸು ಅಂದಾಜು ಮಾಡುತ್ತಾರೆ. ಕ್ರಿಕೆಟ್ ಮಂಡಳಿಯವರು ಹುಡುಗರ ಪಂದ್ಯಗಳಿಗೆ ಇದನ್ನೇ ಮಾಡುತ್ತಾರೆ. ಸಿಕ್ಕಿಬಿದ್ದರೆ ಆಟವೂ ಹೋಯಿತು, ಮರ್ಯಾದೆಯೂ ಹೋಯಿತು. ಸಿಕ್ಕಿಬೀಳದಿದ್ದರೂ ಆ ಜಾಗದಲ್ಲಿ ಆಡಬೇಕಿದ್ದ ಚಿಕ್ಕ ಹುಡುಗನ ಅನ್ನ ಕಸಿದಂತಾಯಿತು. ಸುಳ್ಳು ದಿನಾಂಕ ಬರೆಸಿದ ಮಗುವಿನ ಪರವಾಗಿ ನಾನು ಯಾವ ಕಾಲೇಜಿಗೂ ಫೋನು ಮಾಡುವುದಿಲ್ಲ. ಇದು ನನ್ನ ಕಟ್ಟೆಯ ಮೊದಲ ನಿಯಮ.

ಟ್ರಯಲ್ಸ್‌ಗೆ ತಯಾರಿ ಮಾಡಿಸುವುದು ನನಗೆ ಬಹಳ ಇಷ್ಟದ ಕೆಲಸ. ಕ್ರೀಡಾ ಹಾಸ್ಟೆಲ್ ಆಯ್ಕೆಯಲ್ಲಿ ಆಟಕ್ಕಿಂತ ಮೊದಲು ಮೈಯ ಪರೀಕ್ಷೆ ನಡೆಯುತ್ತದೆ. ಎತ್ತರ, ತೂಕ, 30 ಮೀಟರ್ ಓಟ, ನಿಂತಲ್ಲಿಂದ ಉದ್ದಜಿಗಿತ, ನಿಂತಲ್ಲೇ ಮೇಲಕ್ಕೆ ಜಿಗಿತ, ಶಟಲ್ ಓಟ, 800 ಮೀಟರ್. ಊರ ಬಯಲಿನಲ್ಲಿ ಜಿಂಕೆಯಂತಿರುವ ಹುಡುಗ ಅಲ್ಲಿ ಗೋಡೆಯ ಪಕ್ಕ ನಿಂತು ಜಿಗಿಯಬೇಕೆಂದಾಗ ತಬ್ಬಿಬ್ಬಾಗುತ್ತಾನೆ. ಯಾಕೆಂದರೆ ಆವರೆಗೆ ಅದನ್ನು ಮಾಡಿಯೇ ಇರುವುದಿಲ್ಲ. ನಮ್ಮ ಶಾಲೆಯ ಕಾಂಪೌಂಡಿಗೆ ಸುಣ್ಣದ ಗೆರೆ ಎಳೆದು ಇದನ್ನೆಲ್ಲ ಮೊದಲೇ ಮಾಡಿಸುತ್ತೇವೆ. ಖೋ ಖೋ ಅಂಕಣಕ್ಕೆ ಮ್ಯಾಟ್ ಬಂದ ಮೇಲೆ ಇನ್ನೊಂದು ತೊಡಕು. ಮಣ್ಣಿನಲ್ಲಿ ಬರಿಗಾಲಲ್ಲಿ ಓಡಿದ ಮಕ್ಕಳು ಮ್ಯಾಟಿನ ಮೇಲೆ ಬೂಟು ಹಾಕಿ ನಿಂತರೆ ಮೊದಲ ತಿರುವಿಗೇ ಜಾರುತ್ತಾರೆ. ಟ್ರಯಲ್ಸ್‌ಗೆ ಒಂದು ತಿಂಗಳು ಮುಂಚೆಯಾದರೂ ಬೂಟು ಹಾಕಿ ಅಭ್ಯಾಸವಾಗಬೇಕು, ಸಾಧ್ಯವಾದರೆ ಮ್ಯಾಟ್ ಇರುವ ಕಡೆ ಕರೆದೊಯ್ದು ಆಡಿಸಬೇಕು. ವಿಡಿಯೋ ಕೇಳುವ ತರಬೇತುದಾರರಿಗೆ ಹಾಡು ಸೇರಿಸಿ ಕತ್ತರಿಸಿದ ತುಣುಕು ಕಳಿಸಬೇಡಿ ಎನ್ನುತ್ತೇನೆ. ಒಂದು ಪೂರ್ತಿ ಸರದಿಯನ್ನು ಅಲುಗಾಡದಂತೆ ಹಿಡಿದು ಕಳಿಸಿದರೆ ಸಾಕು. ದಣಿದ ಮೇಲೆ ಮಗು ಹೇಗೆ ಆಡುತ್ತದೆ ಎಂಬುದೇ ಅವರಿಗೆ ಬೇಕು.

ಕಾಲೇಜಿನವರನ್ನು ನಾವೂ ಪರೀಕ್ಷಿಸಬೇಕು ಎಂಬ ಪಾಠವನ್ನು ಕಮಲಾಪುರ ಕಡೆಯ ಒಬ್ಬ ಹುಡುಗ ಕಲಿಸಿದ. ಊರು ಬಿಟ್ಟು ದೂರದ ಕಾಲೇಜೊಂದಕ್ಕೆ ಉಚಿತ ಸೀಟಿನಲ್ಲಿ ಹೋಗಿದ್ದ. ಪದವಿಯ ಎರಡನೇ ವರ್ಷ ಪಂದ್ಯವೊಂದರಲ್ಲಿ ಕಂಬದ ಬಳಿ ಹಾರಿ ಬಿದ್ದು ಮಂಡಿಯ ಲಿಗಮೆಂಟ್ ಹರಿಯಿತು. ಆಡಲಾಗದ ಮೇಲೆ ಹಾಸ್ಟೆಲ್ ಖಾಲಿ ಮಾಡು, ಇಲ್ಲವೇ ಪೂರ್ತಿ ಫೀಸು ಕಟ್ಟು ಎಂದರು. ಆ ಕಾಲೇಜಿನ ಹೆಸರು ಇಲ್ಲಿ ಬೇಡ. ನಾನು ಹೋಗಿ ಮಾತಾಡಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಅವನನ್ನು ಹೊಸಪೇಟೆಗೆ ಕರೆತಂದು ಇಲ್ಲಿಯ ಕಾಲೇಜಿನಲ್ಲಿ ಪದವಿ ಮುಗಿಸುವಂತೆ ಮಾಡಿದೆವು. ಅವನ ಆಟ ಅಲ್ಲಿಗೆ ಮುಗಿಯಿತು. ಓದು ಉಳಿದದ್ದರಿಂದ ಬದುಕು ಉಳಿಯಿತು, ಇವತ್ತು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾನೆ. ಅಂದಿನಿಂದ ಯಾವ ಕಾಲೇಜಿನವರು ಬಂದರೂ ನಾನು ಕೇಳುವ ಪ್ರಶ್ನೆಗಳಿವು: ಮಗುವಿಗೆ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಯಾರದ್ದು? ಆಡಲಾಗದಿದ್ದರೂ ಕೋರ್ಸು ಮುಗಿಯುವವರೆಗೆ ಓದಿಸುತ್ತೀರಾ? ಪಂದ್ಯಕ್ಕೆ ಹೋದಾಗ ತಪ್ಪಿದ ಪಾಠ ಯಾರು ಹೇಳಿಕೊಡುತ್ತಾರೆ? ಮಗುವಿಗೆ ಬೇಕಾದ ಕೋರ್ಸು ಕೊಡುತ್ತೀರಾ, ಅಥವಾ ಸೀಟು ತುಂಬದೆ ಉಳಿದ ಕೋರ್ಸಿಗೆ ಹಾಕುತ್ತೀರಾ? ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಲದು, ಪತ್ರದಲ್ಲಿ ಬರೆದುಕೊಡಬೇಕು. ಒಳ್ಳೆಯ ಕಾಲೇಜಿನವರು ಈ ಪ್ರಶ್ನೆಗಳಿಗೆ ಬೇಸರ ಪಟ್ಟದ್ದಿಲ್ಲ.

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಊರಿಗೆ ಬಂದಿದ್ದರು. ಅವರ ಮಗ ಅಲ್ಲಿ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ಆಡುತ್ತಾನೆ. ಅಲ್ಲಿ ಹಿಂದೆ ಬೇಸ್‌ಬಾಲ್ ಆಡಿದವರೇ ಮಕ್ಕಳಿಗೆ ಯಾವ ಕಾಲೇಜು ಹೊಂದುತ್ತದೆ, ತರಬೇತುದಾರರಿಗೆ ಏನು ಬರೆಯಬೇಕು, ಯಾವ ವಿಡಿಯೋ ಕಳಿಸಬೇಕು ಎಂದು ದಾರಿ ತೋರಿಸುತ್ತಾರಂತೆ. ಕೇಳಿದಾಗ ದೂರದ ದೇಶದಲ್ಲೂ ನನ್ನದೇ ಕೆಲಸ ಮಾಡುವವರಿದ್ದಾರೆ ಎಂದು ಹಿಗ್ಗಾಯಿತು. ಅವರು ಹೇಳಿದ ಲೆಕ್ಕ ಇನ್ನೂ ದೊಡ್ಡ ಪಾಠ. ಆ ದೇಶದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಒಂದು ಬೇಸ್‌ಬಾಲ್ ತಂಡಕ್ಕೆ ಇತ್ತೀಚಿನವರೆಗೂ 11.7 ವಿದ್ಯಾರ್ಥಿವೇತನ ಮಾತ್ರ ಇತ್ತು. ಅದನ್ನು ಹಲವು ಆಟಗಾರರಿಗೆ ಹಂಚುತ್ತಿದ್ದರು. ಅಷ್ಟು ಸಿರಿವಂತ ದೇಶದಲ್ಲೂ ಹೆಚ್ಚಿನ ಹುಡುಗರಿಗೆ ಆಟದಿಂದ ಸಿಗುತ್ತಿದ್ದದ್ದು ಫೀಸಿನ ಒಂದು ಪಾಲು ಅಷ್ಟೆ. ಮೂರನೇ ದರ್ಜೆಯ ಕಾಲೇಜುಗಳು ಆಟಕ್ಕೆಂದು ಹಣವನ್ನೇ ಕೊಡುವುದಿಲ್ಲ. ಮೊದಲ ದರ್ಜೆಯಲ್ಲಿ ಆಡಬೇಕಾದರೆ ಹೈಸ್ಕೂಲಿನಲ್ಲಿ 16 ಮುಖ್ಯ ಪಾಠಕ್ರಮಗಳನ್ನು ನಿಗದಿತ ಅಂಕಗಳೊಂದಿಗೆ ಮುಗಿಸಿರಲೇಬೇಕು. ಎಷ್ಟೇ ವೇಗವಾಗಿ ಚೆಂಡೆಸೆದರೂ ಅಂಕವಿಲ್ಲದವನಿಗೆ ಅಂಕಣವಿಲ್ಲ.

ಅದೇ ಬೇಸ್‌ಬಾಲಿನಲ್ಲಿ ನಮ್ಮ ದೇಶದ ಇಬ್ಬರು ಹೆಸರು ಮಾಡಿದರು. ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದ ಹಳ್ಳಿ ಹುಡುಗರು. 2008ರಲ್ಲಿ ಚೆಂಡೆಸೆಯುವ ಸ್ಪರ್ಧೆಯೊಂದರಲ್ಲಿ ಕಣ್ಣಿಗೆ ಬಿದ್ದು, ಅದೇ ವರ್ಷ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದರು. ಅದಕ್ಕೆ ಮುಂಚೆ ಅವರು ಬೇಸ್‌ಬಾಲ್ ಆಡಿದವರೇ ಅಲ್ಲ. ಈ ಕಥೆಯನ್ನು ನಾನು ಮಕ್ಕಳಿಗೆ ಹೇಳುವುದು ಕನಸು ಹಂಚಲು ಅಲ್ಲ. ಒಂದು ಆಟದಲ್ಲಿ ಗಳಿಸಿದ ಮೈ ಇನ್ನೊಂದು ಆಟಕ್ಕೂ ಒದಗುತ್ತದೆ ಎಂದು ತೋರಿಸಲು. ನಮ್ಮಲ್ಲೂ ಶಾಲಾ ಕೂಟಗಳಲ್ಲಿ, ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್ ಇವೆ. ಖೋ ಖೋ ಆಡಿ ಚುರುಕಾದ ಕಾಲು, ಕಬಡ್ಡಿ ಆಡಿ ಬಲಿತ ಭುಜ ಇರುವ ಮಗು ಖೋ ಖೋ ಸೀಟು ಸಿಗಲಿಲ್ಲವೆಂದು ಮನೆಗೆ ಬರಬೇಕಾಗಿಲ್ಲ. ಆಡುವವರು ಕಡಿಮೆ ಇರುವ ಆಟಗಳಲ್ಲಿ ಅವಕಾಶ ಹೆಚ್ಚು.

ನಮ್ಮ ಆಟಕ್ಕೂ ಒಳ್ಳೆಯ ದಿನ ಬಂದಿವೆ. 2018ರಲ್ಲಿ ಶುರುವಾದ ಖೇಲೋ ಇಂಡಿಯಾ ಕೂಟದಲ್ಲಿ ಖೋ ಖೋ ಮೊದಲಿನಿಂದಲೂ ಇದೆ. ಆ ಯೋಜನೆಗೆ ಆಯ್ಕೆಯಾದ ಮಕ್ಕಳಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ಸಿಗುತ್ತದೆ. 2022ರಲ್ಲಿ ಅಲ್ಟಿಮೇಟ್ ಖೋ ಖೋ ಲೀಗ್ ಬಂತು, ಟಿವಿಯಲ್ಲಿ ನಮ್ಮ ಆಟ ನೋಡಿದೆವು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಭಾರತದ ಗಂಡಸರೂ ಹೆಂಗಸರೂ ಎರಡೂ ಕಪ್ ಗೆದ್ದರು. ಆ ತಂಡಗಳಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇದ್ದರು, ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಫೈನಲ್ ದಿನ ನಮ್ಮ ಹುಡುಗಿಯರೆಲ್ಲ ಒಂದೇ ಮನೆಯ ಟಿವಿ ಮುಂದೆ ಕೂತಿದ್ದರು. ಚೈತ್ರಾ ಓಡುವಾಗ ಒಬ್ಬಳು, “ಆಕೀನೂ ಹಳ್ಳಿಯಾಕೀನೆ ಅಂತಲ್ರಿ ಸಾರ್” ಎಂದಳು. ನಾನು ಹೌದು ಎಂದೆ. ಹತ್ತು ಭಾಷಣಕ್ಕಿಂತ ಹೆಚ್ಚಿನ ಧೈರ್ಯ ಆ ಒಂದು ಪಂದ್ಯ ಕೊಟ್ಟಿತು.

2021ರಲ್ಲಿ ವಿಜಯನಗರ ಜಿಲ್ಲೆ ಆದದ್ದೂ ಆಟಗಾರ ಮಕ್ಕಳಿಗೆ ಒಳ್ಳೆಯದೇ ಆಯಿತು. ಮೊದಲು ಬಳ್ಳಾರಿ ಜಿಲ್ಲೆಗೆಲ್ಲ ಒಂದೇ ತಂಡ. ಈಗ ಹೊಸಪೇಟೆ ಕಡೆಯವರು ವಿಜಯನಗರಕ್ಕೆ, ಕಂಪ್ಲಿ, ಸಂಡೂರಿನವರು ಬಳ್ಳಾರಿಗೆ ಆಡುತ್ತಾರೆ. ವಿಭಾಗ ಮಟ್ಟಕ್ಕೆ ಹೋಗುವ ಮಕ್ಕಳ ಸಂಖ್ಯೆ ಹೆಚ್ಚಿತು. 2010ರಲ್ಲಿ ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆದದ್ದರಿಂದ ವಿಶ್ವವಿದ್ಯಾಲಯ ತಂಡದ ಆಯ್ಕೆಗೂ ನಾವು ಹೋದಂತೆ ಕಲಬುರಗಿಯವರೆಗೆ ಹೋಗಬೇಕಾಗಿಲ್ಲ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ 25 ವರ್ಷದ ವಯೋಮಿತಿಯಿದೆ. ಹಾಗಾಗಿ ಪಿಯುಸಿಯಲ್ಲಿ ಫೇಲಾಗಿ ಒಂದೆರಡು ವರ್ಷ ಕಳೆದುಕೊಂಡವನು ಆಟದ ವರ್ಷಗಳನ್ನೂ ಕಳೆದುಕೊಳ್ಳುತ್ತಾನೆ. ಸಂಜೆ ಬಯಲಿಗೆ ಬರುವ ಮಕ್ಕಳ ಟೆಸ್ಟ್ ಪೇಪರನ್ನೂ ನಾನು ನೋಡುವುದು ಇದಕ್ಕೇ. ಇಂಗ್ಲಿಷ್, ಗಣಿತದಲ್ಲಿ ಹಿಂದುಳಿದವರನ್ನು ಊರಿನ ಪದವಿ ಓದಿದ ಹುಡುಗಿಯರ ಬಳಿ ಪಾಠಕ್ಕೆ ಕಳಿಸುತ್ತೇವೆ. ಪಾಠ ತಪ್ಪಿಸಿದವರಿಗೆ ಅಂದು ಆಟವಿಲ್ಲ.

ಎಲ್ಲರಿಗೂ ನಾನು ಹೌದು ಎನ್ನಲಾರೆ. ತಾಲ್ಲೂಕು ಮಟ್ಟ ದಾಟದ ಮಗನನ್ನು ಭಾರತ ತಂಡಕ್ಕೆ ಸೇರಿಸುವ ಕನಸು ಹೊತ್ತು ಬರುವ ತಂದೆಗೆ ಇದ್ದದ್ದನ್ನು ಇದ್ದಂತೆ ಹೇಳುವುದು ಕಷ್ಟ. ಆದರೂ ಹೇಳುತ್ತೇನೆ. ನಿಮ್ಮ ಹುಡುಗನ ಆಟ ಅವನ ಆರೋಗ್ಯಕ್ಕೆ, ಸಂತೋಷಕ್ಕೆ ಬೇಕು, ಬಿಡಿಸಬೇಡಿ. ಸೀಟು ಮಾತ್ರ ಅಂಕದಿಂದಲೇ ಸಿಗಬೇಕು ಎನ್ನುತ್ತೇನೆ. ಕೆಲವರು ಸಿಟ್ಟು ಮಾಡಿಕೊಂಡು ಹೋಗಿದ್ದಾರೆ. ಅವರಲ್ಲಿ ಕೆಲವರು ಎರಡು ವರ್ಷದ ನಂತರ ಮಗ ಐಟಿಐ ಮುಗಿಸಿದ ಸುದ್ದಿ ಹೇಳಲು ಪೇಢೆ ಹಿಡಿದು ಬಂದಿದ್ದಾರೆ. ಸುಳ್ಳು ಆಸೆ ಕೊಟ್ಟು ಕಳಿಸುವವನು ಆಟಗಾರನಿಗೂ ಆಟಕ್ಕೂ ದ್ರೋಹ ಮಾಡುತ್ತಾನೆ.

ಈ ಕಟ್ಟೆಯಿಂದ ಹೋದವರಲ್ಲಿ ಪೊಲೀಸರಾದವರಿದ್ದಾರೆ, ದೈಹಿಕ ಶಿಕ್ಷಕರಾದವರಿದ್ದಾರೆ, ರೈಲ್ವೆಯಲ್ಲಿದ್ದಾರೆ, ನರ್ಸಿಂಗ್ ಓದಿ ಮಂಗಳೂರಿನಲ್ಲೇ ನಿಂತವರಿದ್ದಾರೆ. ವಾಪಸು ಬಂದು ಬಾಳೆ ಬೆಳೆಯುವ ಪದವೀಧರರೂ ಇದ್ದಾರೆ. ಭಾರತದ ಜೆರ್ಸಿ ತೊಟ್ಟವರು ನಮ್ಮೂರಿನಿಂದ ಇನ್ನೂ ಆಗಿಲ್ಲ. ಅದಕ್ಕಾಗಿ ನನಗೆ ಬೇಸರವಿಲ್ಲ. ಕಬ್ಬಿನ ಗದ್ದೆಗೆ ಹೋಗಬೇಕಿದ್ದ ಹುಡುಗಿ ಹದಿನೆಂಟಕ್ಕೆ ಮದುವೆಯಾಗದೆ, ಇಪ್ಪತ್ತೊಂದಕ್ಕೆ ಪದವಿ ಪಡೆದು, ತನ್ನ ಸಂಬಳದಲ್ಲಿ ತಮ್ಮನನ್ನು ಓದಿಸುತ್ತಿದ್ದರೆ ಆಟ ತನ್ನ ಕೆಲಸ ಮಾಡಿದೆ ಎಂದೇ ನನ್ನ ನಂಬಿಕೆ. ಆಟ ಮಗುವನ್ನು ಕಾಲೇಜಿನ ಬಾಗಿಲವರೆಗೆ ಒಯ್ಯುತ್ತದೆ. ಅಲ್ಲಿಂದ ಮುಂದಕ್ಕೆ ಒಯ್ಯುವುದು ಓದು.

ಒಂದು ಕಾಲದಲ್ಲಿ ಶಾಲೆಗೋ ಕಾಲೇಜಿಗೋ ಆಡಿದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಈಗ ಅವರು ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಹೊಲದಲ್ಲಿ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ. ಅಕಾಡೆಮಿ ಕಟ್ಟಬೇಕಾಗಿಲ್ಲ, ಹಣ ಸುರಿಯಬೇಕಾಗಿಲ್ಲ. ನಿಮ್ಮೂರ ಶಾಲೆಗೆ ಹೋಗಿ ಪಿಟಿ ಮಾಸ್ತರನ್ನು ಮಾತಾಡಿಸಿ. ಚೆನ್ನಾಗಿ ಆಡುವ ಇಬ್ಬರು ಮಕ್ಕಳ ಹೆಸರು ಕೇಳಿ. ಅವರ ದಾಖಲೆಗಳನ್ನು ಸರಿಪಡಿಸಿ, ಅಂಕಗಳನ್ನು ವಿಚಾರಿಸಿ, ಟ್ರಯಲ್ಸ್ ದಿನ ಅವರ ಜೊತೆ ಬಸ್ಸು ಹತ್ತಿ. ಅದರಲ್ಲೂ ಹೆಣ್ಣುಮಕ್ಕಳ ಮನೆಗೆ ಹೋಗಿ, ತಂದೆ ತಾಯಿಯ ಮುಂದೆ ಕೂತು, ಅವರ ಭಯಕ್ಕೆ ತಾಳ್ಮೆಯಿಂದ ಉತ್ತರ ಕೊಡಿ. ನಮ್ಮ ಕೈ ಹಿಡಿದು ಯಾರೋ ಒಬ್ಬರು ನಡೆಸಿದ್ದಕ್ಕೆ ನಾವು ಇಲ್ಲಿದ್ದೇವೆ. ಆ ಋಣ ತೀರಿಸಲು ಇಬ್ಬರು ಮಕ್ಕಳು ಸಾಕು. ಈಗಿನಿಂದಲೇ ಶುರು ಮಾಡಿ.